ಕಿಂಡ್ರಾಯ ದೊರೆಯ ಪೀಳಿಗೆ

ನನ್ನನ್ನು ದೊರೆ ಮನೆಗೆ ಕೇಳಿಕೊಂಡು ಬಂದಾಗ ನಮ್ಮಪ್ಪ ವಿಚಾರಿಸಿದ್ದು ಒಂದೇ. ‘ಹಿರಿಯವನಿಗೋ, ಕಿರಿಯವನಿಗೋ?’ ಕಿರಿಯವನಿಗೆ ಅಂದರು. ‘ಹಾಗಾದ್ರೆ ಆಗಬಹುದು’ ಅಂದ. ದೊರೆ ಮನೆಯ ಹಿರಿಮಗನಿಗೆ ನಮ್ಮೂರಲ್ಲಿ ಸುಲಭಕ್ಕೆ ಯಾರೂ ಹೆಣ್ಣು ಕೊಡುವುದಿಲ್ಲ. ಕೊಟ್ಟರೆ ಗತಿಯಿಲ್ಲದವರು ಕೊಡಬೇಕು. ಕಿರಿಯ ಮಕ್ಕಳಿಗಾದರೆ ಎಲ್ಲಿಲ್ಲದ ಬೇಡಿಕೆ. ಮನೆ ದೊಡ್ಡದು, ಉಪ್ಪಿನ ಆಗರದಲ್ಲಿ ಪಾಲುಂಟು, ಬೀದಿಯಲ್ಲಿ ನಡೆದರೆ ಜನ ದಾರಿ ಬಿಡುತ್ತಾರೆ, ಮಾತೂ ಸಾಯುವ ತನಕ ನಮ್ಮದೇ ಆಗಿರುತ್ತದೆ.

ದೊರೆ ಅಂದರೆ ಸ್ಕಾಟ್ಲೆಂಡಿನವನು. ರೋರಿ ಅಂತ ಹೆಸರು, ಕಿಂಡ್ರಾಕ್ ಎಂಬ ಸೀಮೆಗೆ ಲಾರ್ಡು. ಊರವರ ಬಾಯಲ್ಲಿ ಅದು ಕಿಂಡ್ರಾಯ ಆಯಿತು. ಯಾವುದೋ ಯುದ್ಧದಲ್ಲಿ ಸೋತವರ ಕಡೆ ಇದ್ದನಂತೆ, ಕೋಟೆಯನ್ನು ಚಿಕ್ಕಪ್ಪನ ಮಕ್ಕಳು ನುಂಗಿಹಾಕಿದರಂತೆ, ಹಡಗು ಹತ್ತಿ ಬಂದು ನಮ್ಮ ಅಳಿವೆಯ ಬಾಯಲ್ಲಿ ಇಳಿದನಂತೆ. ಆಗರಗಳನ್ನು ಕಟ್ಟಿಸಿದವನು ಅವನೇ. ಉಪ್ಪು ಹೊರಲು ಬರುತ್ತಿದ್ದ ಹೊನ್ನಮ್ಮನನ್ನು ಮದುವೆಯಾಗಿ ತನ್ನ ಹಿರೀಕರ ಹೆಸರುಗಳನ್ನು ಅವಳಿಗೆ ಹೇಳಿಕೊಟ್ಟ. ಅವಳು ಅದನ್ನು ಬೀಸುವ ಹಾಡಾಗಿ ಮಾಡಿಕೊಂಡಳು. ನಮ್ಮೂರ ಮಕ್ಕಳು ಮಗ್ಗಿ ಕಲಿಯುವ ಮೊದಲು ಇವತ್ತಿಗೂ ಅದನ್ನೇ ಕಲಿಯುತ್ತಾರೆ. ಕೆಂಗೂದಲ ಡಂಕನ್, ಡಂಕನನ ಮಗ ಮರ್ಡೊ, ಮರ್ಡೊನ ಮಗ ಕುಂಟ ಆಂಗಸ್, ಆಂಗಸನ ಮಗ ರೋರಿ, ರೋರಿಯ ಮಗ ಜಾನಪ್ಪ. ಹೀಗೇ ಇಳಿದು ಇಳಿದು ಆ ಹಾಡು ನಮ್ಮ ಮಾವ ಸಮುವೇಲಪ್ಪನವರ ತನಕ ಬರುತ್ತದೆ.

ರೋರಿ ಸತ್ತ ಹೊತ್ತಿನಲ್ಲಿ ಜಾನಪ್ಪ ಅಂಬಲಿ ಕುಡಿಯುತ್ತಾ ಕೂತಿದ್ದನಂತೆ. ‘ಇನ್ನೂ ಸ್ವಲ್ಪ ಉಪ್ಪು’ ಅನ್ನುವಷ್ಟರಲ್ಲಿ ನಾಲಗೆ ಹೊರಳಿತು. ಮಿಕ್ಕಿದ್ದನ್ನು ಅಪ್ಪನ ಭಾಷೆಯಲ್ಲಿ ಹೇಳಿದ. ಆಮೇಲೆ ಬದುಕಿದ್ದಷ್ಟು ದಿನವೂ ಕನ್ನಡದ ಒಂದು ಮಾತು ಅವನ ಬಾಯಿಂದ ಬರಲಿಲ್ಲ, ಬೇರೆಯವರು ಆಡಿದ್ದು ತಿಳಿಯಲೂ ಇಲ್ಲ. ಅಂದಿನಿಂದ ಒಬ್ಬ ದೊರೆ ಸತ್ತ ಗಳಿಗೆಗೆ ಮುಂದಿನವನ ನಾಲಗೆ ಹೊರಳುತ್ತದೆ. ಹಿರಿಮಗನದು, ಅವನಿಲ್ಲದಿದ್ದರೆ ಅವನ ಮಗನದು. ಗಂಡು ಸಂತಾನವಿಲ್ಲದಿದ್ದರೆ ಹೆಣ್ಣಿನದು, ಮಕ್ಕಳೇ ಇಲ್ಲದಿದ್ದರೆ ತಮ್ಮನದು. ಜಾನಪ್ಪನ ಮೊಮ್ಮಗ ಮಕ್ಕಳಿಲ್ಲದೆ ತೀರಿಕೊಂಡಾಗ ಅವನ ತಮ್ಮ ಯೋನಪ್ಪ ಸಂತೆಯಲ್ಲಿ ಮೀನಿಗೆ ಚೌಕಾಸಿ ಮಾಡುತ್ತಿದ್ದ. ಅವನ ಬಾಯಿಂದ ದೊರೆಯ ಭಾಷೆ ಬಂದದ್ದೇ ಮೀನಿನವಳು ಬುಟ್ಟಿ ಬಿಟ್ಟು ಎದ್ದು ನಿಂತು ಕೈ ಮುಗಿದಳಂತೆ.

ಊರಿಗೆ ಇದೆಲ್ಲ ಒಗ್ಗಿಹೋಗಿತ್ತು. ಮಳೆಗಾಲ ಮುಗಿದು, ಆಗರಗಳಿಗೆ ಸಮುದ್ರದ ನೀರು ಬಿಡಲು ತೂಬು ತೆಗೆಯುವ ದಿನ ದೊರೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗುತ್ತಾರೆ. ಅವನು ನಾಲ್ಕು ಮಾತಾಡಬೇಕು. ಮಾತು ಬಿದ್ದ ಮೇಲೇ ತೂಬು. ಹಾಗೆ ಮಾಡಿದರೆ ಉಪ್ಪು ಕಟ್ಟುವ ಹೊತ್ತಿಗೆ ಅಕಾಲದ ಮಳೆ ಬರುವುದಿಲ್ಲ ಅಂತ ನಂಬಿಕೆ. ನಮ್ಮ ಮಾವ ಒಂದೊಂದು ವರ್ಷ ತುಂಬಾ ಹೊತ್ತು ಮಾತಾಡುತ್ತಿದ್ದರು. ಕೈ ಚಾಚಿ, ಒಬ್ಬೊಬ್ಬರ ಮುಖವನ್ನೇ ನೋಡಿ, ಗಂಟಲು ಕಟ್ಟುವ ತನಕ. ಆ ವರ್ಷ ಉಪ್ಪು ಚೆನ್ನಾಗಿ ಕಟ್ಟುತ್ತದೆ ಅಂತ ಜನ ಖುಷಿಪಡುತ್ತಿದ್ದರು. ಅವರ ಮಾತು ಏನು ಅಂತ ಕಲಿಯುವ ಧೈರ್ಯವನ್ನು ಯಾರೂ ಮಾಡಿರಲಿಲ್ಲ. ದೊರೆಯ ಮಾತು ದೊರೆಗೆ ಅನ್ನುವ ಭಯ, ಭಕ್ತಿ.

ನಮ್ಮ ಅತ್ತೆ ಗುಣವತಮ್ಮ ಇಂಥ ಗಂಡನ ಜೊತೆ ಇಡೀ ಆಯುಷ್ಯ ಬಾಳಿದವರು. ಮದುವೆಯಾದ ಕೆಲವೇ ತಿಂಗಳಿಗೆ ಮಾವನ ನಾಲಗೆ ಹೊರಳಿತ್ತು. ಅವರು ಊಟಕ್ಕೆ ಕರೆಯುವಾಗ ಮಾವನ ಭುಜ ಮುಟ್ಟುತ್ತಿದ್ದರು, ಸ್ನಾನಕ್ಕೆ ಕರೆಯುವಾಗ ಬೆನ್ನು. ಮಾವ ಏನಾದರೂ ಅಂದರೆ ಮುಖ ನೋಡಿ ಊಹಿಸುತ್ತಿದ್ದರು. ಮನೆಯಲ್ಲಿ ಅವರ ದನಿ ಕೇಳುವುದೇ ಅಪರೂಪ.

ಅದಕ್ಕೆ ತದ್ವಿರುದ್ಧ ನಮ್ಮ ಭಾವ ಸತ್ಯವಂತ. ಹಿರಿಮಗ, ಮುಂದಿನ ದೊರೆ. ಬೆಳಗಾದರೆ ಸಾಕು, ಬಾಯಿ ಮುಚ್ಚುತ್ತಿರಲಿಲ್ಲ. ಆಗರದ ಆಳುಗಳ ಜೊತೆ, ದಾರಿಹೋಕರ ಜೊತೆ, ಕಡೆಗೆ ಎಮ್ಮೆಯ ಜೊತೆಗೂ ಮಾತು. ನಾನು ಒಮ್ಮೆ ತಮಾಷೆ ಮಾಡಿದ್ದಕ್ಕೆ, ‘ಆಡಿ ಮುಗಿಸ್ಕೋತಾ ಇದೀನಿ ತಾಯಿ, ಆಮೇಲೆ ಉಳಿದುಬಿಟ್ರೆ ಏನ್ ಮಾಡ್ಲಿ?’ ಅಂದಿದ್ದರು. ಅವರ ಹೆಂಡತಿ ಲೇಯಕ್ಕ ಬಡವರ ಮನೆಯ ಹುಡುಗಿ. ಇಬ್ಬರೂ ಸೇರಿ ಕೈಸನ್ನೆಗಳನ್ನು ಕಟ್ಟಿಕೊಂಡಿದ್ದರು. ಹಸಿವಿಗೆ ಒಂದು, ಸಿಟ್ಟಿಗೆ ಒಂದು, ಹತ್ತಿರ ಬಾ ಅನ್ನಲು ಒಂದು. ಜಗಲಿಯಲ್ಲಿ ಕೂತು ಅಭ್ಯಾಸ ಮಾಡುವುದನ್ನು ಕಂಡಾಗ ನನಗೆ ಅಯ್ಯೋ ಅನ್ನಿಸುತ್ತಿತ್ತು. ಜೊತೆಗೇ, ಸದ್ಯ ನಾನು ಕಿರಿಯವನ ಹೆಂಡತಿ ಅನ್ನುವ ಸಮಾಧಾನ. ಅವರಿಗೆ ಒಬ್ಬ ಮಗನಿದ್ದ, ಹಾಗಾಗಿ ಪೀಳಿಗೆ ನನ್ನ ಗಂಡನ ಕಡೆ ತಿರುಗುವ ಮಾತೇ ಇರಲಿಲ್ಲ. ನಮಗೆ ಒಬ್ಬಳೇ ಮಗಳು, ಕೃಪಾ.

ಮಾವ ಹಾಸಿಗೆ ಹಿಡಿದರು. ಇನ್ನು ಉಳಿಯುವುದಿಲ್ಲ ಅಂತ ವೈದ್ಯರು ಹೇಳಿಹೋದ ಬೆಳಿಗ್ಗೆ ಭಾವ ಬಿಳಿ ಅಂಗಿ ಹಾಕಿಕೊಂಡು ಎಲ್ಲರನ್ನೂ ಒಬ್ಬೊಬ್ಬರಾಗಿ ಮಾತಾಡಿಸಿದರು. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿವಿಯಲ್ಲಿ ಏನೋ ಹೇಳಿದರು. ನನ್ನನ್ನು ಕರೆದು, ‘ಎಸ್ತೇರಿ, ಲೇಯಾ ಒಬ್ಬಳೇ ಆಗಿಬಿಡ್ತಾಳೆ, ಅವಳ ಹತ್ರ ದಿನಾ ಸ್ವಲ್ಪ ಹೊತ್ತು ಮಾತಾಡಮ್ಮ’ ಅಂದರು. ಆಮೇಲೆ ಮಾವನ ಮಂಚದ ಪಕ್ಕ ಕೂತು ಹೆಂಡತಿಯ ಕೈ ಹಿಡಿದುಕೊಂಡರು. ಅಂಗಳದ ತುಂಬ ಜನ ಸೇರಿದ್ದರು.

ನಾನು ಹಿತ್ತಲಲ್ಲಿದ್ದೆ. ಬಂದವರಿಗೆಲ್ಲ ಗಂಜಿ ಬೇಯಿಸಬೇಕಿತ್ತು. ನನ್ನ ಗಂಡ ಮನೋಹರ ಬಾವಿಯಿಂದ ನೀರು ಸೇದುತ್ತಿದ್ದರು. ‘ಎಸ್ತೇರಿ, ಆ ದೊಡ್ಡ ಹಂಡೆ ಈ ಕಡೆ’ ಅಂದವರು ಹಗ್ಗ ಹಿಡಿದುಕೊಂಡೇ ಬೇರೆ ಏನೋ ಅಂದರು. ನಾನು ಹಂಡೆ ಎತ್ತಿಕೊಂಡು ತಿರುಗಿದೆ. ‘ಏನಂದ್ರಿ?’ ಅವರು ಮತ್ತೆ ಅಂದರು. ಹಗ್ಗ ಕೈಯಿಂದ ಜಾರಿತು, ಕೊಡ ಬಾವಿಯ ತಳಕ್ಕೆ ಹೋಗಿ ಬಿದ್ದ ಸದ್ದು ಕೇಳಿಸಿತು. ಅವರು ನನ್ನನ್ನು ನೋಡುತ್ತಿದ್ದರು. ಎಲ್ಲೋ ಕಂಡಿದ್ದೇನೆ ಅನ್ನುವಂಥ ನೋಟವೂ ಅದಾಗಿರಲಿಲ್ಲ. ನಾಲಗೆಯ ಜೊತೆ ಗುರುತೂ ಹೋಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಅದೇ ಗಳಿಗೆಗೆ ಒಳಗಿನಿಂದ ಭಾವನ ದನಿ ಬಂತು. ‘ಅಪ್ಪ ಹೋದ್ರು. ಲೇಯಾ, ಅಪ್ಪ ಹೋದ್ರು.’ ಸ್ಪಷ್ಟ ಕನ್ನಡ. ಮತ್ತೆ ಭಾವನದೇ ದನಿ, ಈ ಸಲ ಗಾಬರಿಯಾದ ದನಿ. ‘ನಾನು ಮಾತಾಡ್ತಾ ಇದೀನಲ್ಲ? ಯಾಕೆ ನಾನಿನ್ನೂ ಮಾತಾಡ್ತಾ ಇದೀನಿ?’

ಹಿತ್ತಲ ಬಾಗಿಲಿಗೆ ಜನ ಬಂದರು. ನನ್ನ ಗಂಡ ಬಾವಿಕಟ್ಟೆಗೆ ಬೆನ್ನು ಕೊಟ್ಟು ದೊರೆಯ ಭಾಷೆಯಲ್ಲಿ ಕೂಗುತ್ತಿದ್ದರು. ಮೊದಲು ಯಾರು ಕೈ ಮುಗಿದರೋ ಗೊತ್ತಿಲ್ಲ. ಆಮೇಲೆ ಎಲ್ಲರೂ ಮುಗಿದರು. ಲೇಯಕ್ಕ ಮಾತ್ರ ಮಗನನ್ನು ಎದೆಗೆ ಅವಚಿಕೊಂಡು ಗೋಡೆಗೆ ಆತು ಕುಸಿದಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ. ಎರಡೂ ಇರಬೇಕು. ಪೀಳಿಗೆಯ ಕ್ರಮ ಎಂದೂ ತಪ್ಪುವುದಿಲ್ಲ ಅನ್ನುವುದು ಊರಿಗೆಲ್ಲ ಗೊತ್ತು. ಹಾಗಾದರೆ ತಪ್ಪಿದ್ದು ಎಲ್ಲಿ ಅಂತ ಎಲ್ಲರ ಕಣ್ಣೂ ಅತ್ತೆಯನ್ನು ಹುಡುಕಿದವು. ಅವರು ಮಾವನ ಕಣ್ಣು ಮುಚ್ಚಿಸಿ, ಸೆರಗಿನಿಂದ ಅವರ ಬಾಯಿ ಒರೆಸುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ.

ಮಣ್ಣು ಮುಗಿದ ಮೇಲೆ, ನೆಂಟರೆಲ್ಲ ಹೋದ ಮಧ್ಯಾಹ್ನ, ಭಾವ ಅತ್ತೆಯ ಮುಂದೆ ಬಂದು ನಿಂತರು. ಅಷ್ಟು ಮಾತಾಡುತ್ತಿದ್ದ ಮನುಷ್ಯ ಒಂದೇ ಕೇಳಿದರು. ‘ಯಾರು?’

ಅತ್ತೆ ನೆಲ ನೋಡುತ್ತಾ ಹೇಳಿದರು. ‘ಉಪ್ಪು ತುಂಬಕ್ಕೆ ಬಂದ ಹಡಗಿನವನು. ಗಾಳಿ ಸರಿ ಇಲ್ಲ ಅಂತ ಇಲ್ಲೇ ಉಳ್ಕೊಂಡಿದ್ದ. ಹೆಸರು ಗೊತ್ತು, ಊರು ಕೇಳ್ಲಿಲ್ಲ.’

‘ಯಾಕವ್ವ?’

‘ನನಗಾಗ ಹತ್ತೊಂಬತ್ತು. ಮದುವೆಯಾಗಿ ಬಂದೆ, ಮಾತು ಶುರುವಾಗೋ ಮೊದ್ಲೇ ನಿಮ್ಮಪ್ಪ… ನಿಮ್ಮಪ್ಪಂಗೆ ನಾಲಗೆ ಹೊರಳ್ತು. ಮನೆ ತುಂಬ ಜನ, ಎಲ್ರೂ ದೊರೆಸಾನಿ ಅಂತ ದೂರ ನಿಲ್ಲೋರು. ಅವನು ಬಂದು ಅಂಗಳದಲ್ಲಿ ನಿಂತು, ಯಾಕಮ್ಮ ಮುಖ ಬಾಡಿದೆ, ಹುಷಾರಿಲ್ವಾ ಅಂದ. ಅಷ್ಟೇ ಅಂದಿದ್ದು.’

ಭಾವ ಹೊರಗೆ ಹೋದರು. ನಾನು ಅಲ್ಲೇ ನಿಂತಿದ್ದೆ. ‘ನಿಮಗೆ ಗೊತ್ತಿತ್ತು. ನನ್ನ ಕೇಳಕ್ಕೆ ನಮ್ಮನೆಗೆ ಬಂದಾಗ್ಲೂ ಗೊತ್ತಿತ್ತು. ನಮ್ಮಪ್ಪ ಕೇಳಿದ್ನಲ್ಲ ಅತ್ತೆ, ಹಿರಿಯವನೋ ಕಿರಿಯವನೋ ಅಂತ.’

‘ರಕ್ತ ನೋಡದೆ ತೊಟ್ಟಿಲು ನೋಡಿ ಬರುತ್ತೇನೋ ಅಂದ್ಕೊಂಡಿದ್ದೆ’ ಅಂದರು. ‘ಸಮುವೇಲಪ್ಪನ ಮನೇಲಿ ಮೊದಲು ಆಡಿದ ಮಗು ಅವನು. ಆ ದೇಶದವರ ಲೆಕ್ಕ ನಂಗೆ ಹೇಗೆ ತಿಳೀಬೇಕು? ದಿನಾ ಬೇಡ್ಕೊಂಡೆ, ಹಿರಿಯವನಿಗೇ ಬರ್ಲಿ ಅಂತ. ಯಾವ ತಾಯಿ ಹಾಗೆ ಬೇಡ್ಕೋತಾಳೆ ಹೇಳು.’

ನನಗೆ ಅವರ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಹೊಡೆಯಲಿಲ್ಲ. ಅವರ ಪಕ್ಕ ಕೂತೆ.

ಭಾವ ಆ ತಿಂಗಳೇ ಹೆಂಡತಿ ಮಗನನ್ನು ಕರೆದುಕೊಂಡು ಊರು ಬಿಟ್ಟರು. ದೋಣಿ ಹತ್ತುವ ಮೊದಲು ನನ್ನ ಹತ್ತಿರ ಬಂದು ನಿಂತರು, ಏನೋ ಹೇಳಬೇಕು ಅಂತ ತುಟಿ ಅಲುಗಿತು, ಹೇಳಲಿಲ್ಲ. ಅವರ ನಾಲಗೆ ಅವರದೇ ಆಗಿ ಉಳಿಯಿತು, ಆದರೆ ಆಡುವ ಮಾತೇ ಉಳಿದಿರಲಿಲ್ಲ. ಅವರು ಎಲ್ಲಿದ್ದಾರೆ ಅಂತ ನಮಗೆ ಆಮೇಲೆ ತಿಳಿಯಲೇ ಇಲ್ಲ.

ನನ್ನ ಗಂಡ ದೊರೆಯಾದರು. ಊರು ಕುರ್ಚಿಯನ್ನು ಅವರ ಅಳತೆಗೆ ಸರಿಮಾಡಿಸಿತು, ಹಾಡಿಗೆ ಅವರ ಹೆಸರು ಸೇರಿತು, ಮುಂದಿನ ದೊರೆ ಅಂತ ಮೊದಲೇ ಸೇರಿಸಿ ಹಾಡುತ್ತಿದ್ದ ಸತ್ಯವಂತನ ಹೆಸರನ್ನು ಯಾರೂ ಹೇಳಿಕೊಡದೆಯೇ ಮಕ್ಕಳು ಬಿಟ್ಟುಬಿಟ್ಟರು. ಮನೋಹರ ಬೆಳಗಿನಿಂದ ಸಂಜೆಯವರೆಗೆ ಅಳಿವೆಯ ಬಾಯಲ್ಲಿ ಬಂಡೆಯ ಮೇಲೆ ಕೂತು ಸಮುದ್ರ ನೋಡುತ್ತಿದ್ದರು. ಮಾವನೂ ಅಲ್ಲೇ ಕೂರುತ್ತಿದ್ದರು. ನಾನು ಬುತ್ತಿ ತೆಗೆದುಕೊಂಡು ಹೋದರೆ ತಲೆ ಬಾಗಿಸಿ ಮರ್ಯಾದೆಯಿಂದ ತೆಗೆದುಕೊಳ್ಳುತ್ತಿದ್ದರು, ಹೋಟೆಲಿನವರಿಂದ ತೆಗೆದುಕೊಂಡ ಹಾಗೆ. ನಾನು ಎಸ್ತೇರಿ, ಎಸ್ತೇರಿ ಅಂತ ಹೇಳಿ ಹೇಳಿ ಸಾಕಾಗಿ ಒಂದು ದಿನ ಬಿಟ್ಟುಬಿಟ್ಟೆ.

ಕೃಪಾ ಮಾತ್ರ ಅವರ ಪಕ್ಕ ಹೋಗಿ ಕೂರುತ್ತಿದ್ದಳು. ಒಂದು ಸಲ ತನ್ನಷ್ಟಕ್ಕೆ ಆ ಹೆಸರುಗಳ ಹಾಡು ಹೇಳಿಕೊಳ್ಳುತ್ತಿದ್ದಳಂತೆ. ಡಂಕನ್ ಅಂದ ತಕ್ಷಣ ಅಪ್ಪ ಬೆಚ್ಚಿ ಅವಳ ಕಡೆ ತಿರುಗಿದರು. ಮರ್ಡೊ ಅಂದಾಗ ಅವಳ ಕೈ ಹಿಡಿದರು. ಆಂಗಸ್, ರೋರಿ ಅಂದಾಗ ಅತ್ತರು. ಜಾನಪ್ಪನಿಂದ ಮುಂದಕ್ಕೆ ಏನೂ ಗೊತ್ತಾಗದವರಂತೆ ಅವಳ ಬಾಯಿ ನೋಡುತ್ತಾ ಇದ್ದರು. ಅಂದಿನಿಂದ ಅವಳು ಮೊದಲ ನಾಲ್ಕು ಹೆಸರನ್ನೇ ತಿರುಗಿ ತಿರುಗಿ ಹಾಡುತ್ತಿದ್ದಳು. ‘ಅಪ್ಪಂಗೆ ಇಷ್ಟ ಅಮ್ಮ’ ಅನ್ನುತ್ತಿದ್ದಳು. ನಾನು ಬೇಡ ಅನ್ನಲಿಲ್ಲ. ಅವರಿಬ್ಬರಿಗೂ ಉಳಿದದ್ದು ಅಷ್ಟೇ.

ಮುಂದಿನವಳು ಕೃಪಾ ಅನ್ನುವುದು ನನಗೆ ಬಾವಿಕಟ್ಟೆಯ ಹತ್ತಿರವೇ ಹೊಳೆದಿತ್ತು. ಬಾಯಿ ಬಿಟ್ಟು ಹೇಳಿದವರು ನೆರೆಯ ಹೆಂಗಸರು. ‘ಇನ್ನೊಂದು ಹಡಿಯೇ, ಗಂಡಾದ್ರೆ ಹುಡುಗಿ ಉಳ್ಕೋತಾಳೆ.’ ಒಂದು ಮಗುವನ್ನು ಉಳಿಸಲು ಇನ್ನೊಂದನ್ನು ಹೆತ್ತು ಕೊಡುವುದು. ಅದೂ ನಾನು ಯಾರು ಅಂತಲೇ ತಿಳಿಯದ ಮನುಷ್ಯನ ಹಾಸಿಗೆಗೆ ಹೋಗಿ. ನೀವೇನು ಮಾಡಿದ್ರಿ ಅಂತ ಅತ್ತೆಯನ್ನು ಕೇಳಿದೆ. ‘ನಾನು ಹೋದೆ’ ಅಂದರು ಅತ್ತೆ. ‘ಹೋಗಿದ್ದಕ್ಕೇ ನಿನ್ನ ಗಂಡ ಹುಟ್ಟಿದ. ಅವರು ಗೋಡೆ ಕಡೆ ತಿರುಗಿ ಅತ್ತರು, ನಾನು ಈ ಕಡೆ ತಿರುಗಿ ಅತ್ತೆ.’ ನನ್ನಿಂದ ಆಗಲಿಲ್ಲ. ಬದಲಿಗೆ ಗಂಡನ ಪ್ರಾಣ ಕಾಯತೊಡಗಿದೆ. ಗಾಳಿಗೆ ಮಫ್ಲರು, ಕೆಮ್ಮಿಗೆ ಶುಂಠಿ ಕಷಾಯ, ಬಿಸಿಲಿಗೆ ಕೊಡೆ. ಊರವರು ನನ್ನ ಪತಿಭಕ್ತಿಯನ್ನು ಹೊಗಳಿದರು. ಆ ಕಷಾಯವನ್ನು ನಾನು ಅವರಿಗೆ ಕುಡಿಸುತ್ತಿದ್ದೆನೋ ಮಗಳ ನಾಲಗೆಗೆ ಕುಡಿಸುತ್ತಿದ್ದೆನೋ ನನಗೇ ಗೊತ್ತಿಲ್ಲ. ಅತ್ತೆ ಎರಡನೆಯ ಮಳೆಗಾಲದಲ್ಲಿ ತೀರಿಕೊಂಡರು. ಆಮೇಲೆ ಮನೆಯಲ್ಲಿ ನಾನು, ಕೃಪಾ, ಮತ್ತೆ ಅವರು.

ಎಷ್ಟು ಕಾದರೂ ಕೆಮ್ಮು ಎದೆಗಿಳಿಯಿತು. ಬಂಡೆಯ ಮೇಲೆ ಕೂತು ನೆನೆದು ಬಂದವರು ಜ್ವರ ಬಂದು ಮಲಗಿದರು. ಮೇಲುಸಿರು ಶುರುವಾದ ದಿನ ನಾನು ಅವರ ಹತ್ತಿರ ಕೂರಲಿಲ್ಲ. ನೆರೆಯವರನ್ನು ಕೂರಿಸಿ, ಕೃಪಾಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿದೆ. ಅವಳಿಗೆ ಒಂಬತ್ತು ತುಂಬಿತ್ತು, ಎತ್ತಿಕೊಳ್ಳುವ ವಯಸ್ಸಲ್ಲ.

‘ಏನಾದ್ರೂ ಹೇಳೇ’ ಅಂದೆ.

‘ಏನು ಹೇಳ್ಲಿ?’

‘ಏನಾದ್ರೂ. ನಿಲ್ಲಿಸಬೇಡ.’

ಅವಳು ಹೇಳಿದಳು. ಪಕ್ಕದ ಮನೆಯ ಮುನೀರಾಳ ಬೆಕ್ಕು ಮೂರು ಮರಿ ಹಾಕಿದ್ದು, ಒಂದಕ್ಕೆ ಬಾಲ ಮೊಂಡಾಗಿರುವುದು, ಮೇಷ್ಟ್ರು ತರಗತಿಯಲ್ಲಿ ತೂಕಡಿಸಿ ಕನ್ನಡಕ ಬೀಳಿಸಿಕೊಂಡದ್ದು. ಹೇಳುತ್ತಾ ಹೇಳುತ್ತಾ ಅವಳಿಗೂ ಅರ್ಥವಾಗಿರಬೇಕು, ದನಿ ಸಣ್ಣಗಾಯಿತು. ‘ಅಮ್ಮಾ, ನಂಗೆ ಹೆದರಿಕೆ ಆಗ್ತಿದೆ’ ಅಂದಳು. ‘ಇರ್ಲಿ, ಹೇಳು, ಬೆಕ್ಕಿನ ಮರಿಗೆ ಏನು ಹೆಸರಿಟ್ರಿ?’ ಅಂದೆ. ‘ಒಂದಕ್ಕೆ ಜೀರಿಗೆ, ಇನ್ನೊಂದಕ್ಕೆ’ ಅಂದಳು. ಎರಡನೆಯದರ ಹೆಸರು ಅವಳು ಹೇಳಿದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಬಂದ ಮಾತು ಕನ್ನಡವಾಗಿರಲಿಲ್ಲ. ನನ್ನ ತೊಡೆಯಿಂದ ಎದ್ದು, ಗೋಡೆಯ ಮೂಲೆಗೆ ಹೋಗಿ ನಿಂತು, ನನ್ನನ್ನು ನೋಡಿದಳು.

ಆ ದಿನಗಳನ್ನು ಹೇಳಲು ನನಗೆ ಬರುವುದಿಲ್ಲ. ಮುಟ್ಟಲು ಹೋದರೆ ಹಿಂದೆ ಸರಿಯುತ್ತಿದ್ದಳು. ತಟ್ಟೆ ಇಟ್ಟು ದೂರ ಹೋದರೆ ಉಣ್ಣುತ್ತಿದ್ದಳು. ತೂಬು ತೆಗೆಯುವ ದಿನ ಹೆಣ್ಣುಮಗುವನ್ನು ಕೂರಿಸಬಹುದೋ ಇಲ್ಲವೋ ಅಂತ ಹಿರಿಯರು ಚರ್ಚೆ ಮಾಡಿ, ಕುರ್ಚಿಯಲ್ಲಿ ದಿಂಬು ಹಾಕಿ ಕೂರಿಸಿದರು. ಅವಳು ಬಿಕ್ಕಿ ಬಿಕ್ಕಿ ಮಾತಾಡಿದಳು. ಜನ ತಲೆ ಬಾಗಿಸಿ ಕೇಳಿದರು. ಆ ವರ್ಷ ಉಪ್ಪು ಮಲ್ಲಿಗೆಯ ಹಾಗೆ ಬಂತು.

ಆದರೆ ಹಿಂದೆ ಯಾವ ದೊರೆಗೂ ಇಲ್ಲದ್ದು ಒಂದು ಅವಳಿಗಿತ್ತು. ಅವಳ ಜೊತೆ ಆಡುವವರಿದ್ದರು. ಓಣಿಯ ಮಕ್ಕಳಿಗೆ ಪೀಳಿಗೆ ಅಂದರೆ ಬರೀ ಒಂದು ಹಾಡು, ಅವಳು ಕೃಪಾ. ಮುನೀರಾ ಬಂದು ಕೈ ಹಿಡಿದು ಎಳೆದುಕೊಂಡು ಹೋದಳು. ಕುಂಟಾಬಿಲ್ಲೆಗೆ ಮಾತು ಬೇಕಿಲ್ಲ. ಮನೆ ಲೆಕ್ಕ ಮಾಡುವಾಗ ಕೃಪಾ ತನ್ನ ಭಾಷೆಯಲ್ಲಿ ಎಣಿಸಿದಳು, ಅವರೂ ಹಾಗೇ ಎಣಿಸಿದರು. ಬೇಸಗೆ ಕಳೆಯುವ ಹೊತ್ತಿಗೆ ಓಣಿಯ ಮಕ್ಕಳೆಲ್ಲ ಆ ಭಾಷೆಯಲ್ಲಿ ಜಗಳ ಆಡುತ್ತಿದ್ದರು. ಆರು ತಲೆಮಾರು ಕೈ ಮುಗಿದುಕೊಂಡು ನಿಂತ ಭಾಷೆ ಅದು.

ಒಂದು ಸಂಜೆ ಕೃಪಾ ನಮ್ಮ ಮೆಟ್ಟಿಲ ಮೇಲೆ ಕೂತು ಮುನೀರಾಗೆ ಏನೋ ಹೇಳುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ತಡೆಯಲಾರದೆ ಕೇಳಿದೆ. ‘ಮುನೀರಾ, ಏನಂತೆ ಅವಳದು?’

‘ದಿನಾ ಹೇಳೋದೇ, ಕೃಪಾನ ಅಮ್ಮಾ. ಮನೆಗೆ ಹೋಗ್ಬೇಕಂತೆ. ಅಲ್ಲಿ ಬೆಟ್ಟ ಇದ್ಯಂತೆ, ಚಳಿಯಂತೆ. ದೋಣಿ ಯಾವಾಗ ಬರುತ್ತೆ ಅಂತ ಎಲ್ರನ್ನೂ ಕೇಳ್ತಾಳೆ. ತೂಬಿನ ಹತ್ರನೂ ಅದನ್ನೇ ಕೇಳಿದ್ದು. ನನ್ನ ಕಳಿಸಿಕೊಡಿ, ನಿಮ್ಮ ಕಾಲಿಗೆ ಬೀಳ್ತೀನಿ ಅಂತ.’

ಮಾವ ಕೈ ಚಾಚಿ ಒಬ್ಬೊಬ್ಬರ ಮುಖ ನೋಡಿದ್ದು ಕಣ್ಣಿಗೆ ಬಂತು. ‘ಇದೇ ನಿನ್ನ ಮನೆ ಅಂತ ಹೇಳು’ ಅಂದೆ. ‘ನಾನು ನಿನ್ನ ಅಮ್ಮ ಅಂತ ಹೇಳು.’

ಮುನೀರಾ ಹೇಳಿದಳು. ಕೃಪಾ ನನ್ನ ಕಡೆ ತಿರುಗಿದಳು. ನನ್ನ ಕಾಲು, ನನ್ನ ಸೀರೆ, ನನ್ನ ಮುಖ ನೋಡಿದಳು. ಪಾಪ ಅನ್ನಿಸಿದವರನ್ನು ನೋಡುವ ಹಾಗೆ ನೋಡಿ, ಮೆಲ್ಲಗೆ ಒಂದು ಮಾತು ಹೇಳಿದಳು.

‘ಏನಂದ್ಲೇ?’

‘ಅಲ್ವಂತೆ.’

ಮುನೀರಾಳ ಹತ್ತಿರ ಕೇಳಿ ಆ ಭಾಷೆಯಲ್ಲಿ ಅಮ್ಮ ಅನ್ನುವುದಕ್ಕೆ ಏನು ಅಂತ ತಿಳಿದುಕೊಂಡಿದ್ದೇನೆ. ಸಣ್ಣ ಮಾತು, ಹೇಳಲು ಕಷ್ಟವಿಲ್ಲ. ಪಾತ್ರೆ ತೊಳೆಯುವಾಗ ನನ್ನಷ್ಟಕ್ಕೆ ಹೇಳಿಕೊಳ್ಳುತ್ತೇನೆ. ಕೃಪಾಳ ಎದುರು ಒಮ್ಮೆಯೂ ಹೇಳಿಲ್ಲ. ಅವಳು ಆ ಮಾತು ಕೇಳಿದರೆ ತಲೆ ಎತ್ತಿ ನೋಡುತ್ತಾಳೆ, ಆದರೆ ನನ್ನನ್ನಲ್ಲ.